ಮಳೇಲಿ ನಿಂತ ಬೈಕು, ಮರಳಲ್ಲಿ ಕೂತ ಮೆಕ್ಯಾನಿಕ್

ಅಬ್ಕೈಕ್‌ನಲ್ಲಿ ಮಳೆ ಬಂದ್ರೆ ಅದೇ ಒಂದು ಸುದ್ದಿ. ವರ್ಷಪೂರ್ತಿ ಬೀಳೋದು ಹೆಚ್ಚೂಕಮ್ಮಿ 100 ಮಿಲಿಮೀಟರು, ಅದೂ ಚಳಿಗಾಲದಲ್ಲಿ. ನಮ್ಮ ಆಗುಂಬೆ ಕಡೆ 7000 ಮಿಲಿಮೀಟರಿಗೂ ಹೆಚ್ಚು! ಇಲ್ಲಿ ಬೈಕಿಗೆ ಶತ್ರು ಧೂಳು, ಅಲ್ಲಿ ನೀರು.

ಕಳೆದ ಜುಲೈನ ಒಂದು ಶುಕ್ರವಾರ, ಇಲ್ಲಿ ರಜೆ. ಸಂಜೆ ನಾಲ್ಕೂವರೆಗೆ ತಮ್ಮನ ಫೋನು. ಅಲ್ಲಿ ಆಗ ಏಳು ಗಂಟೆ, ಕತ್ತಲು. ತೀರ್ಥಹಳ್ಳಿಯಿಂದ ಅಪ್ಪನ ಇನ್ಸುಲಿನ್ ತರ್ತಾ ಇದ್ದೋನು ಗುಡ್ಡೇಕೇರಿ ಹತ್ರ ನಿಂತುಬಿಟ್ಟಿದ್ದ. ಬೈಕು ಕೆಮ್ಮಿ ಕೆಮ್ಮಿ ಆಫ್. ಮನೇಲಿದ್ದ ಇನ್ಸುಲಿನ್ ಬೆಳಿಗ್ಗೆಗೇ ಮುಗಿದಿತ್ತು. ಆ ಮಳೇಲಿ ಇನ್ನೊಂದು ಗಾಡಿ ಸಿಗೋದು ಕಷ್ಟ ಮಾರಾಯ್ರೆ.

"ಹಾರ್ನ್ ಹೊಡಿ" ಅಂದೆ. ಹೊಡೀತು. ಹಾಗಾದ್ರೆ ಬ್ಯಾಟರಿ, ಫ್ಯೂಸು ಸರಿ ಇದೆ. ಪೆಟ್ರೋಲೂ ಇತ್ತು. ಹ್ಯಾಂಡಲ್ ಮೇಲಿನ ಕಿಲ್ ಸ್ವಿಚ್ ನಾಲ್ಕು ಸಲ ಆಚೀಚೆ ಮಾಡಿಸಿದೆ, ಅದರೊಳಗೂ ನೀರು ಕೂರುತ್ತೆ. ಉಪಯೋಗ ಆಗ್ಲಿಲ್ಲ. ಆಮೇಲೆ ಪ್ಲಗ್ ಬಿಚ್ಚಿಸಿ, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹ ಎಂಜಿನ್ನಿಗೆ ತಾಗೋ ಹಾಗೆ ಇಡಿಸಿದೆ. ಪ್ಲಗ್ಗಿನ ತೂತಿನಿಂದ ದೂರ, ಕೈಯಲ್ಲಿ ಹಿಡೀಬಾರದು. ಕಿಕ್ ಹೊಡೆದ. ಕಿಡಿ ಬಂತು!

ಕಿಡಿ ಇದೆ, ಆದ್ರೆ ಸ್ಟಾರ್ಟ್ ಆಗಲ್ಲ. ನಮ್ಮ ಪ್ರೋಗ್ರಾಮುಗಳೂ ಹೀಗೇ, ನಮ್ಮ ಕಂಪ್ಯೂಟರಿನಲ್ಲಿ ಓಡುತ್ವೆ, ಗಿರಾಕಿಯ ಹತ್ರ ಬೀಳ್ತವೆ. ಹೊರಗಿನ ಗಾಳಿಯಲ್ಲಿ ಕಿಡಿ ಹಾರೋದು ಸುಲಭ. ಸಿಲಿಂಡರಿನೊಳಗೆ ಗಾಳಿ ಒತ್ತಿ ಹಿಡಿದಿರೋದ್ರಿಂದ ಅದೇ ಸಂದು ದಾಟೋಕೆ ಸಾವಿರಾರು ವೋಲ್ಟು ಜಾಸ್ತಿ ಬೇಕು. ವಿದ್ಯುತ್ತು ಸೋಮಾರಿ, ಸುಲಭದ ದಾರಿ ಕಂಡ್ರೆ ಅಲ್ಲೇ ಜಾರುತ್ತೆ. ಕ್ಯಾಪಿನಲ್ಲೋ ವೈರಿನಲ್ಲೋ ಸಣ್ಣ ಬಿರುಕಿದ್ದು, ಅದರ ಮೇಲೆ ಕೆಸರು ನೀರು ಕೂತಿದ್ರೆ ಅದಕ್ಕೊಂದು ಅಡ್ಡದಾರಿ ಸಿಕ್ಕಿತು.

"ಪ್ಲಗ್ ಹಾಕು. ಟಾರ್ಚ್ ಆರಿಸಿ, ಕಿಕ್ ಹೊಡೀತಾ ಕ್ಯಾಪ್ ನೋಡು."

ಎರಡನೇ ಕಿಕ್ಕಿಗೆ ಕೂಗಿದ, "ಅಣ್ಣಾ, ನೀಲಿ ಗೆರೆ!" ಕ್ಯಾಪಿನ ಬಿರುಕಿನಿಂದ ಎಂಜಿನ್ನಿಗೆ ಹಾರ್ತಾ ಇತ್ತಂತೆ. ಬನಿಯನ್ ಬಿಚ್ಚಿ ಕ್ಯಾಪು, ವೈರು ಎಲ್ಲಾ ಒರೆಸಿದ. ಟೂಲ್ ಡಬ್ಬಿಯಲ್ಲಿದ್ದ ಟ್ಯೂಬಿನ ರಬ್ಬರ್ ಬಿಗಿಯಾಗಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿದ. ಎಂಜಿನ್ ಶಬ್ದ ನಂಗೆ ಇಲ್ಲಿಗೇ ಕೇಳಿಸ್ತು. ಇನ್ನೊಂದು ಗಂಟೆ ಬಿಟ್ಟು "ಚುಚ್ಚಿಯಾಯ್ತು" ಅಂತ ಅಮ್ಮನ ಫೋನು ಬರೋವರೆಗೂ ನಾನು ಊಟ ಮಾಡ್ಲಿಲ್ಲ.

ಮಾರನೇ ದಿನ ಹೊಸ ಕ್ಯಾಪು ಬಿತ್ತು. ಬಿರುಕು ಇದೆಯೋ ಇಲ್ವೋ ನೋಡೋಕೆ ಮಳೆಗಾಲಕ್ಕೆ ಕಾಯ್ಬೇಕಿಲ್ಲ. ರಾತ್ರಿ ಎಂಜಿನ್ ಓಡ್ತಾ ಇರುವಾಗ ಕ್ಯಾಪು, ವೈರಿನ ಮೇಲೆ ದೂರದಿಂದ ಸ್ವಲ್ಪ ನೀರು ಚಿಮುಕಿಸಿ, ಮುಟ್ಟದೆ ನೋಡಿ, ನೀಲಿ ಕಂಡ್ರೆ ಬದಲಾಯಿಸಿ. ಕ್ಯಾಪಿನೊಳಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಡಬ್ಲ್ಯೂಡಿ-40 ಹೊಡೆದ್ರೂ ಆಗುತ್ತೆ, ಹೆಸರಿನ ಅರ್ಥವೇ 'ನೀರು ಓಡಿಸೋ 40ನೇ ಪ್ರಯತ್ನ'. 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಮೈಸೂರಲ್ಲಿ 1996ರವರೆಗೆ ತಯಾರಾಗ್ತಿದ್ದ ಯೆಜ್ಡಿಯಂಥ ಹಳೇ ಗಾಡಿ ಇದ್ರೆ ಪಾಯಿಂಟ್ ಕೂಡ ಒರೆಸಿಡಿ.

ಹಾಂ, ಅಪ್ಪನ ಇನ್ಸುಲಿನ್ ಈಗ ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಂದು ತಿಂಗಳಿನದ್ದು ಮುಂಚೆಯೇ ಫ್ರಿಜ್ಜಿನಲ್ಲಿರುತ್ತೆ. ಬೈಕನ್ನ ಎಷ್ಟು ಅಂತ ನಂಬೋದು, ಅಲ್ವಾ?