ಅಜ್ಜಿಗೊಂದು ಮಣ್ಣಿನ ದಿಂಬು

ಏಪ್ರಿಲ್ ಬಂತೆಂದರೆ ನಮ್ಮನೆಯಲ್ಲಿ ಒಂದೇ ಪ್ರಶ್ನೆ, ಈ ರಜೆಗೆ ಮಗಳನ್ನ ಎಲ್ಲಿಗೆ ಸೇರಿಸೋದು? ಅಬಾಕಸ್, ಸ್ಕೇಟಿಂಗ್, ಕೋಡಿಂಗ್ ಅಂತ ವಾಟ್ಸ್‌ಆ್ಯಪ್ ತುಂಬ ಪೋಸ್ಟರುಗಳು. ಹೋದ ವರ್ಷ ಅವೆಲ್ಲ ಬಿಟ್ಟು, ಮೈಸೂರಿನ ವೆಲ್ಲಿಂಗ್ಟನ್ ಹೌಸ್‌ನಲ್ಲಿ ಮಕ್ಕಳಿಗಾಗಿ ನಡೆದ ಮಣ್ಣಿನ ಕಲೆಯ ಶಿಬಿರಕ್ಕೆ ಅವಳ ಹೆಸರು ಬರೆಸಿದೆ.

ಟಿಪ್ಪುವಿನ ಪತನದ ನಂತರ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು, ವಾಸವಿದ್ದ ಮನೆ ಅದು. ಈಗ ಭೋಪಾಲದ ಇಂದಿರಾಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಪ್ರಾದೇಶಿಕ ಕೇಂದ್ರ. ನಂಜನಗೂಡಿನಿಂದ ಸುಮಾರು 25 ಕಿ.ಮೀ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗ್ತಿದ್ವಿ. ಅವಳು ಒಳಗೆ, ನಾನು ಹೊರಗೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಆಫೀಸ್ ಕೆಲಸ.

ಮೊದಲ ದಿನವೇ ಮೇಷ್ಟ್ರು ಪ್ರತಿ ಮಗುವಿಗೂ ಕೇಳಿದರಂತೆ, ‘ನಿಮ್ಮಜ್ಜಿ ಊರು ಯಾವುದು?’ ಇವಳು ‘ಟಿ. ನರಸೀಪುರ’ ಅಂದಿದ್ದಾಳೆ. ಅವರು ಒಂದು ಕತೆ ಹೇಳಿದ್ದಾರೆ. ಕಾವೇರಿ, ಕಪಿಲೆ ಸೇರುವ ಆ ಊರಿನಲ್ಲಿ 1959ರಿಂದ 1965ರ ನಡುವೆ ಡಾ. ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ಉತ್ಖನನ ನಡೆಯಿತು. ನವಶಿಲಾಯುಗದ ಜನ ಅಲ್ಲಿ ಬದುಕಿದ್ದರು. ಅವರು ಬಿಟ್ಟುಹೋದ ಮಡಕೆ ಕುಡಿಕೆಗಳ ಜೊತೆ, ಮಲಗುವಾಗ ತಲೆಗೆ ಆಸರೆಯಾಗಿ ಇಟ್ಟುಕೊಳ್ಳುವ ಮಣ್ಣಿನ ದಿಂಬೂ ಸಿಕ್ಕಿತ್ತು. ಮೂರು ಸಾವಿರ ವರ್ಷಕ್ಕೂ ಹಿಂದಿನದು! ನಾನು ಹುಟ್ಟಿ ಬೆಳೆದ ಊರು ಅದು. ನನಗೇ ಈ ವಿಷಯ ಗೊತ್ತಿರಲಿಲ್ಲ.

ಕೊನೆಯ ದಿನ ಮಕ್ಕಳು ಮಾಡಿದ್ದನ್ನೆಲ್ಲ ಸಾಲಾಗಿ ಜೋಡಿಸಿಡಬೇಕಿತ್ತು. ಒಳಗೆ ಹೋಗಿ ನೋಡಿದೆ. ಗಣಪ, ಆನೆ, ನವಿಲು. ನನ್ನ ಮಗಳ ಮುಂದೆ ಮಾತ್ರ ಇಟ್ಟಿಗೆಯಂಥದ್ದೇನೋ ಒಂದು, ನಡುವೆ ಸ್ವಲ್ಪ ತಗ್ಗು.

‘ಇದೇನೇ ಇದು? ಎಲ್ಲರೂ ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡು. ತಾ ಇಲ್ಲಿ, ಒಂದು ಬದಿ ಸರಿ ಮಾಡ್ತೀನಿ’ ಅಂತ ಹಸಿ ಮಣ್ಣಿಗೆ ಕೈಹಾಕಿ ಅಂಚು ಒತ್ತಿಯೇಬಿಟ್ಟೆ. ಒಂದು ಬದಿ ಚಪ್ಪಟೆಯಾಯಿತು.

ಅವಳು ಅಳಲಿಲ್ಲ. ಅದೇ ಕಷ್ಟವಾಗಿದ್ದು. ಮೆಲ್ಲಗೆ ಹೇಳಿದಳು, ‘ಅಮ್ಮ, ಇದು ಅಜ್ಜಿಗೆ. ಅವರ ಕತ್ತು ನೋಯುತ್ತಲ್ಲ, ರಾತ್ರಿ ಸೀರೆ ಸುತ್ತಿ ಕತ್ತಿನ ಕೆಳಗಿಟ್ಕೊಂಡು ಮಲಗ್ತಾರೆ. ನಿಂಗೊತ್ತಿಲ್ವಾ?’

ಗೊತ್ತಿರಲಿಲ್ಲ. ತಿಂಗಳಿಗೆರಡು ಭಾನುವಾರ ಅಮ್ಮನ ಮನೆಗೆ ಹೋಗ್ತೀನಿ. ಊಟ ಮಾಡ್ತೀನಿ, ಫೋನ್ ನೋಡ್ತೀನಿ, ಸಂಜೆ ಬಸ್ಸು ಹತ್ತುತ್ತೀನಿ. ‘ಹುಷಾರಾಗಿದೀಯಾ ಅಮ್ಮ?’ ಅಂದರೆ ‘ನಂಗೇನಾಗಿದೆ’ ಅನ್ನುತ್ತಾಳೆ. ನಾನೂ ನಂಬಿಬಿಡ್ತೀನಿ. ರಜೆಯಲ್ಲಿ ಅಜ್ಜಿಯ ಪಕ್ಕ ಮಲಗುವವಳು ಮಗಳು.

ಹಸಿ ಮಣ್ಣನ್ನ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತೆ, ನೆರಳಲ್ಲೇ ಒಣಗಬೇಕು ಅಂತ ಮೇಷ್ಟ್ರು ಹೇಳಿದ್ದರು. ವಾರವಿಡೀ ಅದು ನಮ್ಮ ಮಂಚದ ಕೆಳಗಿತ್ತು. ಭಾನುವಾರ ಹಳೇ ಟವೆಲ್ಲಿನಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡು ನರಸೀಪುರಕ್ಕೆ ಒಯ್ದಳು.

ಅಮ್ಮ ನಕ್ಕಳು. ‘ಇದರ ಮೇಲೆ ಮಲಗಿದ್ರೆ ಇರೋ ಕತ್ತೂ ಹೋಗುತ್ತೆ ಕಣೇ ಪುಟ್ಟಿ!’ ಆದರೂ ಚಾಪೆ ಹಾಸಿ, ಒಂದು ನಿಮಿಷ ಅದಕ್ಕೆ ತಲೆ ಆನಿಸಿ ತೋರಿಸಿದಳು. ಮೊಮ್ಮಗಳ ಮುಖ ನೋಡಬೇಕಿತ್ತು. ಆಮೇಲೆ ನಾನು ಕತ್ತಿನ ವಿಷಯ ಎತ್ತಿದೆ. ‘ಬಿಡೇ, ವಯಸ್ಸಾಯ್ತು’ ಅಂದಳು. ನಾನು ಬಿಡಲಿಲ್ಲ. ಮರುದಿನ ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸವೆತ ಇದೆಯಂತೆ. ವ್ಯಾಯಾಮ ಹೇಳಿಕೊಟ್ಟರು, ತೆಳ್ಳನೆಯ ದಿಂಬು ಬಳಸಲು ಹೇಳಿದರು. ಈಗ ಪರವಾಗಿಲ್ಲ.

ಆ ಮಣ್ಣಿನ ದಿಂಬು ಅಮ್ಮನ ದೇವರ ಗೂಡಿನ ಪಕ್ಕದಲ್ಲಿದೆ. ಸುಟ್ಟಿಲ್ಲವಾದ್ದರಿಂದ ನೀರು ತಾಗುವ ಹಾಗಿಲ್ಲ. ಅಮ್ಮ ಒಣಬಟ್ಟೆಯಲ್ಲೇ ಧೂಳು ಒರೆಸುತ್ತಾಳೆ. ಒಂದು ಬದಿಯಲ್ಲಿ ಮಗಳ ಪುಟ್ಟ ಬೆರಳಿನ ಗುರುತು, ಇನ್ನೊಂದು ಬದಿಯಲ್ಲಿ ನನ್ನ ಹೆಬ್ಬೆರಳು ಒತ್ತಿದ ಚಪ್ಪಟೆ. ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತೆ.

ಈ ಏಪ್ರಿಲ್‌ನಲ್ಲೂ ಶಿಬಿರಕ್ಕೆ ಹೋಗಬೇಕಂತೆ ಅವಳಿಗೆ. ಒಂದೇ ಷರತ್ತು ಹಾಕಿದ್ದಾಳೆ: ‘ಅಮ್ಮ, ನೀನು ಹೊರಗೇ ಕೂತಿರ್ಬೇಕು.’