ನಗರಗೆರೆ ದಾರಿಯ ಹಾಡು-ಪಾಡು

ಗೌರಿಬಿದನೂರಿನಿಂದ ನಗರಗೆರೆಗೆ ಹೋಗುವ ಟೆಂಪೊದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರಿಗೆ ಗುಡ್ಡಬಂಡೆಗಳು, ಮುಸುಕಿನ ಜೋಳದ ಹೊಲ, ಹಿಪ್ಪುನೇರಳೆ ತೋಟ ಕಾಣುತ್ತವೆ. ನಡುವಿನ ಸೀಟಿನವರಿಗೆ ಪಕ್ಕದವರ ಭುಜ ಕಾಣುತ್ತದೆ. ಹಾಡು ಮಾತ್ರ ಎಲ್ಲರಿಗೂ ಸಮಪಾಲು. ಬೇಕೆಂದರೂ ಬೇಡವೆಂದರೂ ಅದು ಟಿಕೆಟ್ಟಿನ ಜೊತೆಗೇ ಬರುತ್ತದೆ.

ನಗರಗೆರೆ ಆಂಧ್ರದ ಗಡಿಗೆ ಹತ್ತಿರದ ಹೋಬಳಿ ಕೇಂದ್ರ. 2007ರಲ್ಲಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಗುವ ತನಕ ಇದು ಕೋಲಾರ ಜಿಲ್ಲೆಗೆ ಸೇರಿತ್ತು. ಈ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಹಾಗಾಗಿ ಡ್ರೈವರನ ಹಾಡಿನ ಸಂಗ್ರಹವೂ ದ್ವಿಭಾಷಿ. ರಾಜಕುಮಾರ್ ಮುಗಿದರೆ ಘಂಟಸಾಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಎರಡೂ ಭಾಷೆಯಲ್ಲಿ ಹಾಡಿದ್ದು ಎಷ್ಟೋ ಡ್ರೈವರುಗಳ ಪೇಚಾಟ ತಪ್ಪಿಸಿದೆ.

ಹಾಡು ಇಲ್ಲಿ ಬರೀ ಶೋಕಿಯಲ್ಲ. ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡುವ ಗಾಡಿ ಬೆಳಕು ಹರಿಯುವ ಮುನ್ನವೇ ರಸ್ತೆಗಿಳಿಯಬೇಕು. ಆ ಹೊತ್ತಿನಲ್ಲಿ ರೆಪ್ಪೆ ಕೂಡದಂತೆ ನೋಡಿಕೊಳ್ಳುವ ಕ್ಲೀನರನೆಂದರೆ ಹಾಡೇ.

ಖಾಲಿಯಾದ ತೂತು

ಈ ದಾರಿಯ ಹಳೆಯ ವಾಹನವೊಂದರ ಡ್ಯಾಶ್‌ಬೋರ್ಡನ್ನು ಗಮನಿಸಿ. ನಡುವೆ ಹದಿನೆಂಟು ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಎತ್ತರದ ತೂತು ಇರುತ್ತದೆ. ಈ ಅಳತೆ ಜರ್ಮನಿಯವರು ಗೊತ್ತುಮಾಡಿದ್ದು. ಬಳಿಕ ಜಗತ್ತಿಗೆಲ್ಲ ಹಬ್ಬಿತು. ಯಾವ ಕಂಪನಿಯ ಸ್ಟಿರಿಯೊ ಆದರೂ ಯಾವ ಕಾರಿನಲ್ಲಾದರೂ ಕೂರಲಿ ಎಂಬುದು ಅದರ ಉದ್ದೇಶ. ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ ಹೊರತಂದದ್ದು 1963ರಲ್ಲಿ. ಮುಂದೆ ಆ ತೂತಿನಲ್ಲಿ ಕ್ಯಾಸೆಟ್ಟು, ಸಿ.ಡಿ., ಪೆನ್‌ಡ್ರೈವ್ ಒಂದಾದ ಮೇಲೊಂದು ಬಂದು ಸಂಸಾರ ಹೂಡಿದವು.

ಈಗ ಎಷ್ಟೋ ಗಾಡಿಗಳಲ್ಲಿ ಆ ತೂತು ಖಾಲಿ. ಒಳಗೆ ಊದುಬತ್ತಿ ಪೊಟ್ಟಣ, ಬಾಚಣಿಗೆ, ಆರ್.ಸಿ. ಪುಸ್ತಕದ ನಕಲು. ಹಾಡು ಬರುವುದು ಡ್ರೈವರನ ಫೋನಿನಿಂದ. ಅದನ್ನು ದೊಡ್ಡದು ಮಾಡುವುದು ಸೀಟಿನ ಕೆಳಗಿನ ಆ್ಯಂಪ್ಲಿಫೈಯರು.

ಈ ಬದಲಾವಣೆಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಣ್ಣುರಸ್ತೆಯ ಧೂಳು ಕ್ಯಾಸೆಟ್ಟಿನ ಹೆಡ್ಡಿಗೆ ಮೆತ್ತುತ್ತಿತ್ತು. ಗುಂಡಿ ಬಂದಾಗಲೆಲ್ಲ ಸಿ.ಡಿ. ಚರಣವನ್ನೇ ಹಾರುತ್ತಿತ್ತು. ಬೆಲ್ಟು ಹೋದರೆ ಹೊಸದು ಸಿಗುವುದು ನಿಂತುಹೋಯಿತು. ಅತ್ತ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಆ್ಯಂಪ್ಲಿಫೈಯರ್ ಬೋರ್ಡು ಸಿಗತೊಡಗಿತು. ಸಾವಿರ ಹಾಡು ಹಿಡಿಸುವ ಫೋನು ಹೇಗೂ ಜೇಬಿನಲ್ಲಿತ್ತು. ಹಳೆಯ ಸ್ಪೀಕರುಗಳನ್ನೇ ಉಳಿಸಿಕೊಂಡು ಸ್ಟಿರಿಯೊ ಬಿಚ್ಚಿಟ್ಟರಾಯಿತು, ಕೆಲಸ ಮುಗಿಯಿತು.

ಮುಗಿಯಿತೇ?

ಕುಂಯ್‌ಗುಡುವ ಭೂತ

ಫೋನನ್ನು ತಂತಿಯಿಂದ ಆ್ಯಂಪ್ಲಿಫೈಯರಿಗೆ ಜೋಡಿಸಿ, ಅದೇ ಫೋನನ್ನು ಗಾಡಿಯ ಬ್ಯಾಟರಿಯಿಂದಲೇ ಚಾರ್ಜಿಗೆ ಹಾಕಿದೊಡನೆ ಹಾಡಿನ ಹಿಂದೆ ಕುಂಯ್ ಎನ್ನುವ ಸದ್ದೊಂದು ಹುಟ್ಟುವುದುಂಟು. ವೇಗ ಹೆಚ್ಚಿದರೆ ಅದರ ಶ್ರುತಿಯೂ ಏರುತ್ತದೆ. ಇದು ಆಲ್ಟರ್ನೇಟರಿನ ದನಿ. ಫೋನಿನಿಂದ ನೆಗೆಟಿವ್‌ಗೆ ಮರಳಲು ವಿದ್ಯುತ್ತಿಗೆ ಎರಡು ದಾರಿ ಸಿಕ್ಕಿದ್ದೇ ಇದಕ್ಕೆ ಕಾರಣ: ಒಂದು ಚಾರ್ಜರಿನ ಮೂಲಕ, ಇನ್ನೊಂದು ಹಾಡಿನ ತಂತಿಯ ಮೂಲಕ. ಚಾರ್ಜರ್ ಕಿತ್ತರೆ ಭೂತ ಮಾಯ. ಆ್ಯಂಪ್ಲಿಫೈಯರ್ ಮತ್ತು ಚಾರ್ಜರಿನ ನೆಗೆಟಿವ್ ತಂತಿಗಳನ್ನು ಒಂದೇ ಜಾಗದಲ್ಲಿ ಬಿಗಿಯುವುದು, ಹಾಡಿನ ತಂತಿಯ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿ ಹಾಕುವುದು ಅಥವಾ ತಂತಿಯ ಗೊಡವೆಯೇ ಬೇಡವೆಂದು ಬ್ಲೂಟೂತ್ ಬಳಸುವುದು ಇದಕ್ಕೆ ಮದ್ದು.

ಪೆಟ್ಟಿಗೆಯ ಮೇಲೆ ಅಚ್ಚಾದ ನೂರಾರು ವ್ಯಾಟುಗಳನ್ನೂ ಪೂರ್ತಿ ನಂಬಬೇಕಿಲ್ಲ. ಎಂಜಿನ್ ಓಡುವಾಗ ಗಾಡಿಯಲ್ಲಿ ಸಿಗುವುದು ಸುಮಾರು 14 ವೋಲ್ಟ್. ನಾಲ್ಕು ಓಮ್‌ನ ಸ್ಪೀಕರಿಗೆ ಸರಳ ಆ್ಯಂಪ್ಲಿಫೈಯರು ಇದರಿಂದ ಸುಮಾರು 6 ವ್ಯಾಟ್ ಕೊಡಬಲ್ಲದು. ಎರಡನ್ನು ಜೋಡಿಸಿ ‘ಬ್ರಿಡ್ಜ್’ ಮಾಡಿದರೆ ಲೆಕ್ಕದ ಪ್ರಕಾರ ಸುಮಾರು 24. ಒಳಗೆ ವೋಲ್ಟೇಜು ಏರಿಸಿಕೊಳ್ಳುವ ದೊಡ್ಡ ಪೆಟ್ಟಿಗೆಗಳ ಮಾತು ಬೇರೆ. ಅಲ್ಲದೆ ಸದ್ದು ಕಿವಿಗೆ ಇಮ್ಮಡಿ ಎನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಹೆಚ್ಚಬೇಕು. ಬಡ ಬ್ಯಾಟರಿ ಎಲ್ಲಿಂದ ತಂದೀತು?

ಬ್ಯಾಟರಿಯ ಪಾಡು ಇನ್ನೂ ಇದೆ. ಹಳೆಯ ಸ್ಟಿರಿಯೊ ಗಾಡಿಯ ಕೀಲಿ ತೆಗೆದೊಡನೆ ಸುಮ್ಮನಾಗುತ್ತಿತ್ತು. ನೇರವಾಗಿ ಬ್ಯಾಟರಿಗೆ ಕಟ್ಟಿದ ಆ್ಯಂಪ್ಲಿಫೈಯರು ಹಾಡು ನಿಂತರೂ ಎಚ್ಚರವಾಗಿಯೇ ಇರುತ್ತದೆ. ಅದು ಅರ್ಧ ಆಂಪಿಯರ್ ಕುಡಿಯುತ್ತದೆಂದು ಇಟ್ಟುಕೊಂಡರೆ, ಮೂರು ದಿನ ನಿಂತ ಗಾಡಿಯಿಂದ 36 ಆಂಪಿಯರ್-ಗಂಟೆ ಖಾಲಿ. ಸಣ್ಣ ಗಾಡಿಯ ಬ್ಯಾಟರಿಯಲ್ಲಿ ಇರುವುದೇ ಅಷ್ಟು. ನಾಲ್ಕನೆಯ ಬೆಳಿಗ್ಗೆ ಗೂಡಿನ ಚೀಲಗಳನ್ನು ಹೊತ್ತ ಗಾಡಿಯನ್ನು ಊರವರೆಲ್ಲ ಸೇರಿ ತಳ್ಳಬೇಕು. ಬ್ಯಾಟರಿಯ ಬಳಿಯೇ ಫ್ಯೂಜು, ಕೀಲಿಯೊಡನೆ ಆರುವಂಥ ಸಂಪರ್ಕ – ಇವೆರಡನ್ನು ಮರೆಯುವಂತಿಲ್ಲ. ಫ್ಯೂಜಿಲ್ಲದ ತಂತಿ ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದರೆ ಬೆಂಕಿಯೇ ಗತಿ.

ಆಲಿಸುವ ತಾಲ್ಲೂಕು

ಸದ್ದಿನ ವಿಷಯದಲ್ಲಿ ಗೌರಿಬಿದನೂರು ತಾಲ್ಲೂಕಿಗೆ ಬೇರೆಯದೇ ಹೆಸರಿದೆ. ದೂರದ ಭೂಕಂಪವನ್ನೂ ಪರರಾಷ್ಟ್ರಗಳ ಅಣುಸ್ಫೋಟವನ್ನೂ ನೆಲಕ್ಕೆ ಕಿವಿಗೊಟ್ಟು ಹಿಡಿಯುವ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನಮಾಪಕಗಳ ಸಾಲು 1960ರ ದಶಕದಿಂದ ಇಲ್ಲಿದೆ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳನ್ನು ನಿಲ್ಲಿಸಿದ ರೇಡಿಯೊ ದೂರದರ್ಶಕ 1976ರಲ್ಲಿ ಕೆಲಸ ಆರಂಭಿಸಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ದನಿ ಆಲಿಸಿತು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳ ಜಂಟಿ ಸಾಹಸವದು. 1997ರಿಂದ ಸೂರ್ಯನ ರೇಡಿಯೊ ಚಿತ್ರ ತೆಗೆಯುವ ಉಪಕರಣವೂ ಇಲ್ಲಿದೆ.

ಅಲ್ಲಿಯೂ ಆ್ಯಂಪ್ಲಿಫೈಯರುಗಳಿವೆ, ಟೆಂಪೊದಲ್ಲಿಯೂ ಇದೆ. ತತ್ತ್ವ ಒಂದೇ. ಆ್ಯಂಪ್ಲಿಫೈಯರಿಗೆ ಬಂದದ್ದನ್ನು ಹಿಗ್ಗಿಸುವುದು ಗೊತ್ತು, ಹಾಡಾವುದು ಗೊರಗೊರ ಯಾವುದು ಎಂಬುದು ಗೊತ್ತಿಲ್ಲ. ಆ ವಿವೇಕ ಮನುಷ್ಯನದು. ವಿಜ್ಞಾನಿಗಳು ದಿನಗಟ್ಟಲೆ ಗದ್ದಲ ಜರಡಿ ಹಿಡಿಯುತ್ತಾರೆ. ಟೆಂಪೊದಲ್ಲಿ ಫೋನಿಗೆ ಕರೆ ಬಂದರೆ ಹಾಡು ನಿಂತು ಮನೆಯಾಕೆಯ ದನಿ ನಾಲ್ಕೂ ಸ್ಪೀಕರುಗಳಲ್ಲಿ ಮೊಳಗುತ್ತದೆ: ಎಣ್ಣೆ ಮುಗಿದದ್ದು, ಮಾವನವರು ಬಂದದ್ದು, ಸಾಲದವನು ಬಾಗಿಲು ತಟ್ಟಿದ್ದು ಹದಿನಾಲ್ಕು ಮಂದಿಗೂ ತಿಳಿಯುತ್ತದೆ. ಗಾಬರಿಬಿದ್ದ ಡ್ರೈವರು ಫೋನಿಗೆ ಕೈಹಾಕುತ್ತಾನೆ. ಅಪಾಯ ಇರುವುದು ಆ ಗಳಿಗೆಯಲ್ಲೇ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಫೋನು ಕೈಯಲ್ಲಿ ಹಿಡಿದು ಓಡಿಸುವುದನ್ನು ಅಪಾಯಕಾರಿ ಚಾಲನೆ ಎಂದೇ ಕರೆದಿದೆ.

ಹೋದದ್ದು ರೇಡಿಯೊ

ಸ್ಟಿರಿಯೊ ಬಿಚ್ಚಿದಾಗ ಹಾಡಿಗೆ ಕೊರತೆಯಾಗಲಿಲ್ಲ. ಆದರೆ ಅದೇ ಪೆಟ್ಟಿಗೆಯಲ್ಲಿದ್ದ ರೇಡಿಯೊ ಯಾರ ಗಮನಕ್ಕೂ ಬಾರದೆ ಹೊರಟುಹೋಯಿತು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನ ಅಲೆ ಗುಡ್ಡ ದಾಟಿ ಈ ಹಳ್ಳಿಗಳಿಗೆ ಬರುತ್ತಿತ್ತು. ಪ್ರದೇಶ ಸಮಾಚಾರ, ಕೃಷಿರಂಗ, ಹವಾಮಾನ – ಇವನ್ನು ಕೇಳಲು ಯಾರ ಫೋನೂ ಬೇಕಿರಲಿಲ್ಲ, ನೆಟ್‌ವರ್ಕೂ ಬೇಕಿರಲಿಲ್ಲ.

“ರೇಡಿಯೋ ಹಾಕಪ್ಪಾ, ಮಳೆ ಸುದ್ದಿ ಏನೈತೋ ಕೇಳಾನ” ಎಂದು ಹಿಂದಿನ ಸೀಟಿನ ವೃದ್ಧರು ಕೇಳಿದರೆ, “ರೇಡಿಯೋ ಎಲ್ಲೈತೆ ತಾತಾ, ಫೋನ್ ಒಂದೇ ಇರಾದು” ಎನ್ನುವ ಉತ್ತರ ಸಿಗುತ್ತದೆ. ಶೇಂಗಾ ಬಿತ್ತಬೇಕೋ ತಡೆಯಬೇಕೋ ಎಂದು ಮುಗಿಲು ನೋಡುವ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ. ಆಕಾಶವಾಣಿಯ ಕಾರ್ಯಕ್ರಮಗಳು ಫೋನಿನ ಆ್ಯಪ್‌ನಲ್ಲಿಯೂ ಸಿಗುತ್ತವೆ, ನಿಜ. ಆದರೆ ಗುಡ್ಡದ ಮರೆಯಲ್ಲಿ ನೆಟ್‌ವರ್ಕು ಹೋದರೆ ವಾರ್ತೆಯೂ ಅರ್ಧಕ್ಕೇ ನಿಲ್ಲುತ್ತದೆ.

ಇದಕ್ಕೂ ಅಗ್ಗದ ಉಪಾಯವೊಂದಿದೆ. ಬ್ಲೂಟೂತಿನ ಜೊತೆ ಎಫ್.ಎಂ. ರೇಡಿಯೊ ಕೂಡ ಇರುವ ಬೋರ್ಡುಗಳು ಅದೇ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಅವುಗಳಿಗೆ ಅಂಗಡಿಯವರು ಕೊಡುವ ಗೇಣುದ್ದದ ತಂತಿ ಸಾಲದು. ಗಾಡಿಯ ಮೂಗಿನ ಮೇಲೆ ಹಳೆಯ ಆಂಟೆನಾ ಕಡ್ಡಿ ಇನ್ನೂ ನಿಂತಿರುತ್ತದೆ. ಸ್ಟಿರಿಯೊ ಹೋದ ಮೇಲೆ ಅದಕ್ಕೆ ಆಯುಧಪೂಜೆಯ ಬಾಳೆಕಂದು ಕಟ್ಟುವ ಕೆಲಸ ಮಾತ್ರ ಉಳಿದಿದೆ. ಅದರ ತಂತಿಯನ್ನು ಹೊಸ ಬೋರ್ಡಿಗೆ ಕೊಟ್ಟರೆ ಏರಿನಲ್ಲಿ ಸ್ಪಷ್ಟವಾಗಿ, ಇಳಿಜಾರಿನಲ್ಲಿ ಕೊಂಚ ಗೊರಗೊರ ಎಂದಾದರೂ ದನಿ ಬಂದೀತು. ಗಡಿಯ ಗಾಳಿಯಲ್ಲಿ ಕನ್ನಡ ಸಿಕ್ಕೀತು, ಒಮ್ಮೊಮ್ಮೆ ತೆಲುಗು. ನಗರಗೆರೆಯ ಜನಕ್ಕೆ ಎರಡೂ ಅರ್ಥವಾಗುತ್ತವೆ. ಹಿಂದಿನ ಸೀಟಿನ ತಾತನಿಗೆ ಬೇಕಾದದ್ದು ಮಳೆಯ ಸುದ್ದಿ, ಅಷ್ಟೇ.