ಪಾದಪವೆಂಬ ಹೆಸರು

ಸಂಸ್ಕೃತದಲ್ಲಿ ಮರಕ್ಕೆ ಪಾದಪವೆಂಬುದೊಂದು ಹೆಸರುಂಟು. ಪಾದದಿಂದ ಕುಡಿಯುವುದೆಂದು ಅದರ ಅರ್ಥ. ಅಮರಕೋಶವನ್ನು ಬಾಯಿಪಾಠ ಮಾಡಿದವರೆಲ್ಲರೂ ಇದನ್ನು ಬಲ್ಲರು. ಸಿದ್ದಾಪುರದ ಸೀಮೆಯ ಶಾಲೆಯೊಂದರಲ್ಲಿ ನಾನು ಮಾಸ್ತರನಾಗಿದ್ದಾಗ, ಸಂಸ್ಕೃತದೊಡನೆ ವಿಜ್ಞಾನವನ್ನೂ ಹೇಳಿಕೊಡಬೇಕಾಗಿ ಬಂದ ವರ್ಷಗಳಲ್ಲೆಲ್ಲ, ಬೇರಿನ ಪಾಠವನ್ನು ಈ ಶಬ್ದದಿಂದಲೇ ಆರಂಭಿಸುತ್ತಿದ್ದೆನು. ಶಬ್ದವು ಸೊಗಸಾಗಿದೆ. ಆ ಸೊಗಸೇ ನನ್ನನ್ನು ಮೋಸಗೊಳಿಸಿತು.

ಸುಮಾರು ಮೂವತ್ತು ವರ್ಷಗಳ ಹಿಂದೆ, ಒಂದು ಮಳೆಗಾಲದಲ್ಲಿ, ಅಡಿಕೆ ತೋಟದವರ ಮನೆಯ ಹುಡುಗನೊಬ್ಬನು ಎದ್ದು ನಿಂತು, "ಮಾಸ್ತರೇ, ನಮ್ಮ ತೋಟದ ಬಸಿಗಾಲುವೆ ಕುಸಿದು ಇಪ್ಪತ್ತು ದಿನ ನೀರು ನಿಂತಿತು. ಅಡಿಕೆ ಮರಗಳು ಹಳದಿಯಾಗಿ ಸಾಯುತ್ತಿವೆ. ಕೆಳಗಿನ ಗದ್ದೆಯಲ್ಲಿಯೂ ಅದೇ ನೀರು. ಅಲ್ಲಿ ಭತ್ತ ಹಸುರಾಗಿದೆ. ಕಾಲಿನಿಂದ ಕುಡಿಯುವುದಾದರೆ ಎರಡೂ ಕುಡಿಯಬೇಕಲ್ಲವೇ?" ಎಂದು ಕೇಳಿದನು. ನನಗೆ ಉತ್ತರವು ತಿಳಿದಿರಲಿಲ್ಲ. ತಿಳಿಯದೆಂದು ಹೇಳಲು ನಾಲಿಗೆಯೂ ಏಳಲಿಲ್ಲ. "ಅದು ಅದರದರ ಸ್ವಭಾವ, ನೀನು ಕುಳಿತುಕೋ" ಎಂದು ಗದರಿಸಿದೆನು. ತರಗತಿಯು ನಕ್ಕಿತು. ಆ ವರ್ಷ ಅವರ ತೋಟದ ಕೆಳಭಾಗವೆಲ್ಲ ಹೋಯಿತೆಂದೂ, ಹುಡುಗನು ಶಾಲೆಯನ್ನು ಬಿಟ್ಟನೆಂದೂ ಆಮೇಲೆ ಕೇಳಿದೆನು.

ನಿವೃತ್ತನಾದ ಮೇಲೆ ಪುಸ್ತಕಗಳನ್ನು ತಿರುವಿಹಾಕುತ್ತಿದ್ದಾಗ ಉತ್ತರವು ದೊರೆಯಿತು. ಬೇರು ಕುಡಿಯುವುದು ಮಾತ್ರವಲ್ಲ, ಉಸಿರಾಡುವುದೂ ಉಂಟು. ನೀರನ್ನೂ ಲವಣಗಳನ್ನೂ ಎತ್ತಬೇಕಾದರೆ ಶಕ್ತಿ ಬೇಕು. ಶಕ್ತಿಗೆ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯಿರುವವರೆಗೆ ಅದಕ್ಕೆ ಕೊರತೆಯಿಲ್ಲ. ಆ ಸಂದುಗಳಲ್ಲಿ ನೀರು ತುಂಬಿತೆನ್ನಿ, ಆಗ ಬೇರಿನ ಉಸಿರು ಕಟ್ಟಿತು; ಏಕೆಂದರೆ ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಾಲು ನಿಧಾನವಾಗಿ ಹರಡುವುದು. ಇದ್ದಷ್ಟನ್ನು ಬೇರುಗಳೂ ಮಣ್ಣಿನ ಸೂಕ್ಷ್ಮಜೀವಿಗಳೂ ಬೇಗನೆ ಮುಗಿಸಿಬಿಡುವುವು. ಬಳಿಕ ಬೇರು ಕೊಳೆಯುವುದು. ಕೊಳೆತ ಬೇರು ನೀರನ್ನೂ ಎತ್ತಲಾರದಾದುದರಿಂದ, ನೀರಿನಲ್ಲಿ ನಿಂತ ಮರವು ಬಾಯಾರಿ ಸಾಯುವುದು!

ಹಾಗಾದರೆ ಭತ್ತ? ಕಳೆದ ಭಾದ್ರಪದದಲ್ಲಿ ನಾನು ಆ ಶಿಷ್ಯನ ಮನೆಯನ್ನು ಹುಡುಕಿಕೊಂಡು ಹೋದೆನು. ಬರುವಾಗ ಮೊಮ್ಮಗಳ ಭೂತಗನ್ನಡಿಯನ್ನು ಚೀಲದಲ್ಲಿ ಹಾಕಿಕೊಂಡಿದ್ದೆನು. ಅವನು ಬಸಿಗಾಲುವೆಯಲ್ಲಿ ಮೊಣಕಾಲುದ್ದ ಇಳಿದು ಹೂಳನ್ನೆತ್ತುತ್ತಿದ್ದನು. ತಲೆ ಅರ್ಧ ನರೆತಿತ್ತು. ಬಂದ ಕಾರಣವನ್ನು ಹೇಳಿದೆನು. ಅವನು ಏನನ್ನೂ ಆಡದೆ ಕೈ ತೊಳೆದುಕೊಂಡು, ಗದ್ದೆಯಿಂದ ಒಂದು ಬುಡ ಭತ್ತವನ್ನು ಕಿತ್ತು ತಂದನು.

ಬ್ಲೇಡಿನಿಂದ ಬೇರನ್ನು ಅಡ್ಡಲಾಗಿ ಕೊಯ್ದೆವು. ನಡುವೆ ನೀರನ್ನೆತ್ತುವ ಗಟ್ಟಿಯಾದ ತಿರುಳು; ಅದರ ಸುತ್ತ, ಚಕ್ರದ ಅರೆಕಾಲುಗಳ ನಡುವೆ ಇರುವಂತೆ, ಬರಿಯ ತೆರಪುಗಳು. ಅಲ್ಲಿದ್ದ ಜೀವಕೋಶಗಳು ತಾವಾಗಿಯೇ ಸತ್ತು ದಾರಿಯನ್ನು ಬಿಟ್ಟುಕೊಟ್ಟಿರುವುವು. ಈ ದಾರಿಯು ಎಲೆಯಿಂದ ಕಾಂಡಕ್ಕೂ, ಕಾಂಡದಿಂದ ಬೇರಿನ ತುದಿಯ ಬಳಿಗೂ ಎಡೆಬಿಡದೆ ಸಾಗುವುದು. ಅದರಲ್ಲಿ ಗಾಳಿಯು ಇಳಿದು ಬರುವುದು. ನಡುದಾರಿಯಲ್ಲಿ ಸೋರಿಹೋಗದಂತೆ ಬೇರಿನ ಹೊರಪದರವು ಬಿಗಿಯಾಗಿರುವುದು. ಆದರೂ ಕೊಂಚ ಸೋರುವುದುಂಟು. ಭತ್ತದ ಬೇರಿಗೆ ತುಕ್ಕಿನ ಬಣ್ಣ ಹತ್ತಿರುವುದನ್ನು ನಾಟಿ ಮಾಡಿದವರೆಲ್ಲರೂ ಕಂಡಿರಬಹುದು. ಅದು ನಿಜವಾಗಿಯೂ ತುಕ್ಕೇ. ಸೋರಿದ ಆಮ್ಲಜನಕವು ಕೆಸರಿನ ಕಬ್ಬಿಣಕ್ಕೆ ತಗುಲಿ ಆದುದು.

ತಾವರೆಯ ವಿಷಯವನ್ನೂ ಅವನಿಗೆ ಹೇಳಿದೆನು. ಅದರ ದಂಟನ್ನು ಕವಿಗಳು ನಾಲವೆಂದರು. ನಾಲವೆಂದರೆ ಕೊಳವೆಯೂ ಹೌದು. ಎಲೆಯ ನಡುವೆ ಸ್ವಲ್ಪ ನೀರು ಹೊಯ್ದು, ಕೊಯ್ದ ದಂಟಿನ ತುದಿಯಿಂದ ಊದಿದರೆ, ಎಲೆಯ ಮಧ್ಯದಲ್ಲಿ ಗುಳ್ಳೆಗಳೇಳುವುವು. ಬಿಸಿಲಿಗೆ ಕಾದ ಎಲೆಯಿಂದ ಗಾಳಿಯು ಕೆಸರಿನೊಳಗಿನ ಗೆಡ್ಡೆಗೆ ಇಳಿದು, ಬೇರೆ ಕೊಳವೆಯಿಂದ ಮೇಲೇರಿ, ಈ ಮಧ್ಯದಲ್ಲಿಯೇ ಹೊರಬೀಳುವುದು. "ನಮ್ಮ ಕತ್ತಲೆಕಾನಿನ ಜೌಗಿನಲ್ಲಿ ರಾಮಪತ್ರೆಯ ಬಳಗದ ಮರಗಳ ಬೇರು ಮೊಣಕಾಲು ಮಡಿಸಿದಂತೆ ಕೆಸರಿನ ಮೇಲೆ ಏಳುತ್ತದಲ್ಲ, ಅದೂ ಉಸಿರಿಗೇ ಇರಬೇಕು" ಎಂದು ಅವನೇ ಹೇಳಿದನು. ಹೌದೆಂದೆನು. ಅಡಿಕೆಗೆ ಇಂತಹ ಏರ್ಪಾಡು ಸಾಲದು. ಬಸಿಗಾಲುವೆಯೇ ಅದರ ಮೂಗು.

ಅವನು ಸ್ವಲ್ಪ ಹೊತ್ತು ಬೇರನ್ನೇ ನೋಡುತ್ತಿದ್ದು, "ಮಾಸ್ತರೇ, ನೀರೇ ನಿಲ್ಲದ ಕಡೆ ಹುಟ್ಟಿದ ಭತ್ತಕ್ಕೂ ಈ ತೆರಪು ಇರುತ್ತದೆಯೋ?" ಎಂದನು.

"ನನಗೆ ತಿಳಿಯದು ತಮ್ಮಾ, ಕಿತ್ತು ನೋಡೋಣ" ಎಂದೆನು. ಕಣದ ಅಂಚಿನ ಒಣನೆಲದಲ್ಲಿ ಉದುರಿದ ಕಾಳಿನಿಂದ ಎದ್ದ ಗಿಡವೊಂದಿತ್ತು. ಕೊಯ್ದು ನೋಡಿದೆವು. ಅದರಲ್ಲಿಯೂ ತೆರಪುಗಳಿದ್ದುವು; ಗದ್ದೆಯದರಲ್ಲಿ ಇದ್ದಷ್ಟು ಅಗಲವಾಗಿರಲಿಲ್ಲ.